ಐಸ್ ಮೇಲೆ ಟ್ಯಾಕ್ಸಿ ಮಾಡೋವಾಗ ಬ್ರೇಕ್ ನಂಬ್ಕೊಂಡು ಹೋಗ್ಬಾರ್ದು

ಪ್ರಶ್ನೆ: ನಮಸ್ಕಾರ ಸರ್, ನಾವು ದಾವಣಗೆರೆ ವಿದ್ಯಾನಗರದವ್ರು. ನನ್ನ ತಮ್ಮ ಕೆನಡಾದಲ್ಲಿ ಪೈಲಟ್ ಟ್ರೈನಿಂಗ್ ತಗೋತಿದಾನೆ, ಸೆಸ್ನಾ 172 ವಿಮಾನ. ಮೊನ್ನೆ ಐಸ್ ಮೇಲೆ ಟ್ಯಾಕ್ಸಿ ಮಾಡ್ತಿದ್ದಾಗ, ಅಂದ್ರೆ ಹಾರದೆ ನೆಲದ ಮೇಲೇ ವಿಮಾನ ಓಡಿಸ್ತಿದ್ದಾಗ, ಬ್ರೇಕ್ ಒತ್ತಿದ್ರೂ ನಿಲ್ಲದೆ ಜಾರ್ಕೊಂಡು ಅಂಚಿನ ಲೈಟ್ ಹತ್ರದವರೆಗೂ ಹೋಯ್ತಂತೆ. ನೆಲದ ಮೇಲೆ ನಿಧಾನಕ್ಕೆ ಹೋಗೋವಾಗ್ಲೂ ಹಿಂಗಾಗುತ್ತಾ? ಅವನಿಗೆ ಏನ್ ಹೇಳ್ಲಿ?

ಉತ್ತರ: ಆಗುತ್ತೆ ಮೇಡಂ, ನಿಮ್ಮ ಭಯ ಸುಳ್ಳಲ್ಲ. ನಮ್ಮ ಕಡೆ ಎರೆ ಹೊಲದ ದಾರೀಲಿ ಮೊದಲ್ನೇ ಮಳೆ ಬಿದ್ದಾಗ ಬೈಕ್ ಓಡಿಸಿದವ್ರಿಗೆ ಇದು ಗೊತ್ತು, ಗಾಬರಿಯಾಗಿ ಬ್ರೇಕ್ ಹಿಡಿದ್ರೆ ಗಾಲಿ ನಿಲ್ಲುತ್ತೆ ಆದ್ರೆ ಗಾಡಿ ನಿಲ್ಲಲ್ಲ, ಹ್ಯಾಂಡಲ್ ಯಾವ ಕಡೆ ತಿರುಗಿಸಿದ್ರೂ ಅದು ಹೊರಟ ಕಡೆಗೇ ಹೋಗುತ್ತೆ. ಐಸ್ ಮೇಲೂ ಅಷ್ಟೇ. ಜಾರ್ತಿದೆ ಅನ್ಸಿದ್ರೆ ಪವರ್ ಪೂರ್ತಿ ಇಳಿಸಿ ಬ್ರೇಕ್ ಬಿಡ್ಬೇಕು, ಗಾಲಿ ಮತ್ತೆ ತಿರುಗಿ ಹಿಡಿತ ಸಿಕ್ಕ ಮೇಲೆ ಮೆತ್ತಗೆ ಒತ್ಬೇಕು. ಏನಾದ್ರೂ ಗುದ್ದೋದು ಖಾತ್ರಿ ಅಂತ ಕಂಡ್ರೆ ತಕ್ಷಣ ಮಿಕ್ಸ್ಚರ್ (ಇಂಜಿನ್‌ಗೆ ಹೋಗೋ ಇಂಧನದ ಹಿಡಿಕೆ) ಎಳೆದು ಇಂಜಿನ್ ಆಫ್ ಮಾಡ್ಲಿ, ಪ್ರೊಪೆಲ್ಲರ್ ತಿರುಗ್ತಿರಬಾರ್ದು.

ಆದ್ರೆ ನಿಜವಾದ ಕೆಲಸ ಅದಕ್ಕೂ ಮೊದ್ಲೇ ಇರೋದು. ತಿರುವು ಬರೋಕೆ ತುಂಬಾ ಮುಂಚೆನೇ, ನೇರ ದಾರೀಲೇ ಸ್ಪೀಡ್ ಇಳಿಸ್ಕೋಬೇಕು, ಮುಂದಿನ ಗಾಲಿನ ಒಂದೇ ಸಲ ತಿರುಗಿಸಬಾರ್ದು. ದೊಡ್ಡ ಜೆಟ್‌ಗಳಲ್ಲೇ ಇಂಥ ಕಡೆ ತಿರುವಲ್ಲಿ 10 ನಾಟ್‌ಗಿಂತ ಕಮ್ಮಿ ಇಟ್ಕೋತಾರೆ, ಅಂದ್ರೆ ಗಂಟೆಗೆ ಸುಮಾರು 18 ಕಿಲೋಮೀಟರ್. ಅಡ್ಡಗಾಳಿ ಇದ್ರೆ ಇನ್ನೂ ಹುಷಾರು, ಬಾಲದ ಮೇಲೆ ಗಾಳಿ ಹೊಡೆದು ಮೂತಿನ ಗಾಳಿ ಬರೋ ಕಡೆಗೇ ತಿರುಗಿಸುತ್ತೆ.

ಚಳಿ ಜಾಸ್ತಿ ಇದ್ದಷ್ಟೂ ಜಾರೋದು ಜಾಸ್ತಿ ಅಂತ ಸುಮಾರು ಜನ ಅನ್ಕೊಂಡಿರ್ತಾರೆ, ಹಂಗಲ್ಲ. ಮೈನಸ್ 25ರ ಒಣ ಐಸ್‌ಗಿಂತ ಸೊನ್ನೆ ಡಿಗ್ರಿ ಹತ್ರ, ಮೇಲೆ ತೆಳ್ಳಗೆ ನೀರಾಡ್ತಿರೋ ಐಸೇ ದೊಡ್ಡ ಮೋಸ. ರನ್‌ವೇ ಎಷ್ಟು ಹಿಡಿತ ಕೊಡುತ್ತೆ ಅಂತ ಹೇಳೋಕೆ 2021ರ ನವೆಂಬರ್‌ನಿಂದ ಬಂದಿರೋ ರನ್‌ವೇ ಕೋಡ್‌ನಲ್ಲೂ ಒಣಗಿದ್ರೆ 6, ಐಸ್ ಇದ್ರೆ 1, ಐಸ್ ಮೇಲೆ ನೀರಿದ್ರೆ 0. ಆ ನಂಬರ್ ರನ್‌ವೇಗೆ ಮಾತ್ರ ಅನ್ನೋದು ನೆನಪಿರ್ಲಿ, ಸ್ನೋ ತೆಗೆಯೋರು ಮೊದ್ಲು ರನ್‌ವೇ ನೋಡ್ತಾರೆ, ಟ್ಯಾಕ್ಸಿ ಮಾಡೋ ದಾರಿ, ಅಂದ್ರೆ ಟ್ಯಾಕ್ಸಿವೇ ಸರದಿ ಆಮೇಲೆ. (ಒಂದು ಮಾತು, ನಾವು ಭತ್ತಕ್ಕೆ ಹಾಕೋ ಯೂರಿಯಾನೇ ಎಷ್ಟೋ ಏರ್‌ಪೋರ್ಟಲ್ಲಿ ಐಸ್ ಕರಗಿಸೋಕೆ ಬಳಸ್ತಿದ್ರು. ಉಪ್ಪು ಹಾಕಲ್ಲ, ಅದು ಅಲ್ಯೂಮಿನಿಯಂನ ತಿಂದುಬಿಡುತ್ತೆ.)

ನಾನು ಕಲಿಯೋವಾಗ ಪಾಠ ಕಲಿತಿದ್ದು ರನ್ ಅಪ್‌ನಲ್ಲಿ. ಹಾರೋಕೆ ಮುಂಚೆ ನಿಂತಲ್ಲೇ ಆರ್‌ಪಿಎಂ 1,800ಕ್ಕೆ ಏರಿಸಿ ಮ್ಯಾಗ್ನೆಟೊ (ಇಂಜಿನ್‌ಗೆ ಕಿಡಿ ಕೊಡೋ ಭಾಗ) ಚೆಕ್ ಮಾಡ್ತೀವಲ್ಲ, ಬ್ರೇಕ್ ಗಟ್ಟಿಯಾಗಿ ಒತ್ತಿದೀನಿ, ಕಣ್ಣು ಗೇಜ್ ಮೇಲಿದೆ, ಸದ್ದು ಎಲ್ಲಾ ಎಂದಿನಂತೇ ಇದೆ, ತಲೆ ಎತ್ತಿ ನೋಡಿದ್ರೆ ಪಕ್ಕದಲ್ಲಿದ್ದ ಸ್ನೋ ಗುಡ್ಡೆ ರೆಕ್ಕೆ ತುದಿಗೆ ಬಂದಿದೆ. ಗಾಲಿ ಒಂದು ಸುತ್ತೂ ತಿರುಗಿರ್ಲಿಲ್ಲ, ಇಡೀ ವಿಮಾನಾನೇ ಜಾರಿತ್ತು. ಅದಕ್ಕೇ ಮರಳು ಹಾಕಿರೋ ಇಲ್ಲಾ ಡಾಂಬರು ಕಾಣೋ ಜಾಗದಲ್ಲಿ ರನ್ ಅಪ್ ಮಾಡ್ಲಿ, ಅರ್ಧ ಕಣ್ಣು ಹೊರಗಿರ್ಲಿ.

ಇನ್ನೊಂದು, ಜೆಟ್ ಹಿಂದೆ ಹತ್ರ ಹೋಗ್ಲೇಬಾರ್ದು. 1982ರ ಜನವರಿ 13ರಂದು ವಾಷಿಂಗ್ಟನ್‌ನಲ್ಲಿ ಏರ್ ಫ್ಲೋರಿಡಾದ 737 ಮುಂದಿನ ವಿಮಾನದ ಬಿಸಿಗಾಳಿಗೆ ಸ್ನೋ ಕರಗ್ಲಿ ಅಂತ ಹತ್ರ ನಿಂತಿತ್ತು, ಕರಗಿದ್ದು ಮತ್ತೆ ರೆಕ್ಕೆ ಮೇಲೆ ಹೆಪ್ಪುಗಟ್ತು, ಇಂಜಿನ್ನಿಗೆ ಐಸ್ ಕಟ್ಟದಂಗೆ ತಡೆಯೋ ಆಂಟಿ ಐಸ್ ಕೂಡ ಹಾಕಿರ್ಲಿಲ್ಲ. ಎದ್ದ ತಕ್ಷಣ ಸೇತುವೆಗೆ ಹೊಡೆದು ಪೊಟೊಮ್ಯಾಕ್ ನದಿಗೆ ಬಿತ್ತು, 78 ಜನ ಹೋದ್ರು.

ಕರಗಿದ ಸ್ನೋ ಕೆಸರಲ್ಲಿ ಹೋದ್ರೆ ಅದು ಬ್ರೇಕ್‌ಗೆ ಸಿಡಿದು, ನಿಲ್ಲಿಸಿದ ಮೇಲೆ ಹೆಪ್ಪುಗಟ್ಟಿ ಗಾಲಿನೇ ಕಚ್ಕೊಳ್ಳುತ್ತೆ. ಗಾಲಿ ಮೇಲಿನ ಕವರ್ ಒಳಗೂ ತುಂಬ್ಕೊಳ್ಳುತ್ತೆ, ಚಳಿಗಾಲದಲ್ಲಿ ಆ ಕವರ್ ಬಿಚ್ಚಿಡೋದು ಅದಕ್ಕೇ. ಮುಂದಿನ ಸಲ ಫೋನ್ ಮಾಡ್ದಾಗ ತಮ್ಮನಿಗೆ ಅದನ್ನೇ ಮೊದ್ಲು ಕೇಳಿ, ಕವರ್ ಬಿಚ್ಚಿದಾರಾ ಅಂತ.