ಒಂದು ಮಸೂದೆಗೆ ಒಂದೇ ಉದ್ದೇಶ: ಕೇಳುವುದಾದರೆ ಹೀಗೆ ಕೇಳಬೇಕು

ಸಂಪಾದಕರ ಉತ್ತರ

ಸಕಲೇಶಪುರ ತಾಲ್ಲೂಕಿನ ಓದುಗರೊಬ್ಬರು ಬರೆದ ದೀರ್ಘ ಪತ್ರದ ಸಾರ ಇದು: "ಅಧಿವೇಶನದ ಕೊನೆಯ ದಿನಗಳಲ್ಲಿ ಒಂದೇ ಮಸೂದೆಗೆ ನಾಲ್ಕಾರು ವಿಚಾರ ತುರುಕಿ ಧ್ವನಿಮತದಲ್ಲಿ ಪಾಸು ಮಾಡಿಬಿಡುತ್ತಾರೆ. ಶಾಸಕರನ್ನು ಕೇಳಿದರೆ, ಅದರಲ್ಲಿ ಒಂದು ಒಳ್ಳೆಯ ಅಂಶವಿತ್ತು, ಬಿಡಲಾಗಲಿಲ್ಲ ಎನ್ನುತ್ತಾರೆ. ಅಮೆರಿಕದ ರಾಜ್ಯಗಳಲ್ಲಿ ಒಂದು ಮಸೂದೆಗೆ ಒಂದೇ ವಿಷಯ ಎಂಬ ಕಟ್ಟಳೆ ಇದೆಯಂತೆ. ಒಂದು ಮಸೂದೆಯಿಂದ ಒಂದೇ ಕಾಯ್ದೆಗೆ ತಿದ್ದುಪಡಿ ಎಂದು ನಮ್ಮಲ್ಲೂ ನಿಯಮ ಮಾಡಿದರೆ ಸಾಲದೇ?"

ಮಾನ್ಯರೇ,

ನಿಮ್ಮ ಬೇಡಿಕೆ ನ್ಯಾಯವಾದದ್ದು. ಆದರೆ ನೀವು ಹೇಳಿದ ಅಳತೆ ಕೈಕೊಡುತ್ತದೆ. ಕಾಯ್ದೆಗಳ ಲೆಕ್ಕ ಹಿಡಿದು ಹೊರಟರೆ ತಡೆಯಬೇಕಾದ ಮಸೂದೆ ಸಲೀಸಾಗಿ ದಾಟಿಹೋಗುತ್ತದೆ, ಬೇಕಾದ ಮಸೂದೆ ಸಿಕ್ಕಿಹಾಕಿಕೊಳ್ಳುತ್ತದೆ.

1964ರ ಕರ್ನಾಟಕ ಭೂಕಂದಾಯ ಕಾಯ್ದೆಯನ್ನೇ ನೋಡಿ. ಬಗರ್ ಹುಕುಂ ಸಕ್ರಮದ, ಅಂದರೆ ಅನುಮತಿಯಿಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನನ್ನು ಸಕ್ರಮಗೊಳಿಸುವ 94ಎ ಸೆಕ್ಷನ್ ಅದರೊಳಗಿದೆ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡ ಹಳ್ಳಿಯವರಿಗೆ ಸಂಬಂಧಿಸಿದ 94ಸಿ, ಭೂಪರಿವರ್ತನೆಯ 95ನೇ ಸೆಕ್ಷನ್ ಕೂಡ ಅಲ್ಲೇ ಇವೆ. ಕಾಫಿ, ಏಲಕ್ಕಿ, ಮೆಣಸಿನ ತೋಟಕ್ಕೆ ಸೇರಿಹೋದ ಒತ್ತುವರಿ ಜಮೀನನ್ನು ಗರಿಷ್ಠ 25 ಎಕರೆವರೆಗೆ 30 ವರ್ಷದ ಗುತ್ತಿಗೆಗೆ ಕೊಡುವ ಅವಕಾಶ ನಮ್ಮ ಮಲೆನಾಡಿಗೆ ಬಂದದ್ದೂ ಇದೇ ಕಾಯ್ದೆಯ ತಿದ್ದುಪಡಿಯಿಂದ. ನಾಳೆ ಮನೆ ಸಕ್ರಮದ ಅವಧಿ ವಿಸ್ತರಣೆ, ತೋಟದ ಗುತ್ತಿಗೆ, ರೆಸಾರ್ಟುಗಳಿಗೆ ಭೂಪರಿವರ್ತನೆಯ ಸಡಿಲಿಕೆ, ಈ ಮೂರನ್ನೂ ಸೇರಿಸಿ ಒಂದು ಮಸೂದೆ ಬಂತು ಎಂದಿಟ್ಟುಕೊಳ್ಳಿ. ಕಾಯ್ದೆ ಒಂದೇ, ನಿಮ್ಮ ನಿಯಮಕ್ಕೆ ಭಂಗವಿಲ್ಲ. ಆದರೆ ಮನೆಯಿಲ್ಲದವರ ಪರ ನಿಂತ ಶಾಸಕ ರೆಸಾರ್ಟಿಗೂ 'ಹೌದು' ಎನ್ನಲೇಬೇಕಾಗುತ್ತದೆ.

ಈಗ ಇದರ ತಿರುವುಮುರುವು. ಚಿಕ್ಕಮಗಳೂರಿನಂಥ ನಗರಸಭೆ ನಡೆಯುವುದು 1964ರ ಪುರಸಭೆಗಳ ಕಾಯ್ದೆಯಲ್ಲಿ. ಅದೇ ಮಹಾನಗರ ಪಾಲಿಕೆಯಾದರೆ 1976ರ ನಗರಪಾಲಿಕೆಗಳ ಕಾಯ್ದೆ ಅನ್ವಯಿಸುತ್ತದೆ. ಆಸ್ತಿ ತೆರಿಗೆಯ ಲೆಕ್ಕದ ಕ್ರಮ ಬದಲಿಸಬೇಕೆಂದರೆ ಎರಡನ್ನೂ ಒಟ್ಟಿಗೇ ತಿದ್ದಬೇಕು. ಒಂದನ್ನು ತಿದ್ದಿ ಇನ್ನೊಂದನ್ನು ಮುಂದಿನ ಅಧಿವೇಶನಕ್ಕೆ ಬಿಟ್ಟರೆ ಅಷ್ಟು ದಿನ ಒಂದೊಂದು ಊರಿಗೆ ಒಂದೊಂದು ಲೆಕ್ಕ. ನಮ್ಮ ತಿದ್ದುಪಡಿ ಮಸೂದೆಗಳ ಹೆಸರಿನಲ್ಲಿ "ಮತ್ತು ಕೆಲವು ಇತರ ಕಾನೂನು" ಎಂದು ಆಗಾಗ ಕಾಣುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಆ ಹೆಸರು ಕಂಡ ಕೂಡಲೇ ಮೋಸ ಎಂದುಕೊಳ್ಳಬೇಕಿಲ್ಲ. ಲೆಕ್ಕ ಹಾಕಬೇಕಾದದ್ದು ಉದ್ದೇಶ ಎಷ್ಟು ಎಂಬುದನ್ನು.

ಬೇರೆ ಬೇರೆ ಅಂಶಗಳನ್ನು ಕಟ್ಟಿ ಕಳಿಸಿದರೆ ಏನಾಗುತ್ತದೆ ಎಂಬುದಕ್ಕೆ 2025ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ (ತಿದ್ದುಪಡಿ) ಮಸೂದೆ ಹತ್ತಿರದ ಉದಾಹರಣೆ. ಮೀಸಲಾತಿ ಅನ್ವಯಿಸುವ ಸರ್ಕಾರಿ ಕಾಮಗಾರಿಗಳ ಮೊತ್ತದ ಮಿತಿಯನ್ನು 1 ಕೋಟಿಯಿಂದ 2 ಕೋಟಿ ರೂಪಾಯಿಗೆ ಏರಿಸುವುದು ಒಂದು ಅಂಶ, ಮುಸ್ಲಿಮರಿರುವ ಪ್ರವರ್ಗ 2ಬಿಗೆ ಶೇ 4ರಷ್ಟು ಮೀಸಲು ಸೇರಿಸುವುದು ಇನ್ನೊಂದು. ವಿವಾದವೆದ್ದದ್ದು ಎರಡನೆಯದರ ಮೇಲೆ. ರಾಜ್ಯಪಾಲರು ಮಸೂದೆಯನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದಾಗ ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ ಸಂಬಂಧಿಸಿದ ಮಿತಿ ಏರಿಕೆಯೂ ಅದರ ಜೊತೆಗೇ ದೆಹಲಿಗೆ ಹೋಯಿತು. 2ಬಿ ಮೀಸಲಾತಿ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ರಾಜ್ಯಪಾಲರ ಅಂಕಿತದ ಬಗೆಗಿನ ಸಂವಿಧಾನದ 200ನೇ ವಿಧಿಯಲ್ಲಿ ಮಸೂದೆಯ ಅರ್ಧಕ್ಕೆ ಅಂಕಿತ, ಇನ್ನರ್ಧಕ್ಕೆ ತಡೆ ಎಂಬ ದಾರಿ ಇಲ್ಲ. ಹೋದರೆ ಇಡೀ ಗಂಟು ಹೋಗುತ್ತದೆ, ನಿಂತರೆ ಇಡೀ ಗಂಟು ನಿಲ್ಲುತ್ತದೆ. ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯ ವಿಷಯದಲ್ಲಿ ಕೇಂದ್ರ ಕಾಯ್ದೆಗೆ ಅಡ್ಡ ಬರುವ ಒಂದೇ ಒಂದು ಖಂಡವಿದ್ದರೂ (ಮಸೂದೆಯ ಒಂದು ಕಲಂ) 254ನೇ ವಿಧಿಯ ಕಾರಣಕ್ಕೆ ಪೂರ್ತಿ ಮಸೂದೆ ರಾಷ್ಟ್ರಪತಿಗಳ ಮುಂದೆ ಕಾಯಬೇಕಾಗಬಹುದು. ಹಾಗಾಗಿ ಬಿಡಿಬಿಡಿಯಾಗಿ ತರುವುದು ಸರ್ಕಾರಕ್ಕೂ ಲಾಭವೇ. ಇದನ್ನು ಆಡಳಿತ ಪಕ್ಷದವರಿಗೂ ಒತ್ತಿ ಹೇಳಬೇಕು.

ನಮ್ಮ ಸಂವಿಧಾನದಲ್ಲಿ ಇಂಥ ನಿಯಮ ಇಲ್ಲವೇ ಇಲ್ಲ ಎನ್ನುವಂತೆಯೂ ಇಲ್ಲ. ಹಣಕಾಸು ಮಸೂದೆಗೆ (ಮನಿ ಬಿಲ್) ಅದು ಇದೆ. ತೆರಿಗೆ, ಸಾಲ, ಸಂಚಿತ ನಿಧಿ ಮುಂತಾದವನ್ನೂ ಅವಕ್ಕೆ ಆನುಷಂಗಿಕವಾದವನ್ನೂ ಬಿಟ್ಟು ಬೇರೇನೂ ಇರಕೂಡದು ಎನ್ನುತ್ತದೆ 199ನೇ ವಿಧಿ. ವಿಧಾನ ಪರಿಷತ್ತು ಇರುವ ಕರ್ನಾಟಕದಂಥ ರಾಜ್ಯದಲ್ಲಿ ಇದಕ್ಕೆ ತೂಕ ಹೆಚ್ಚು. ಸಾಮಾನ್ಯ ಮಸೂದೆಯನ್ನು ಪರಿಷತ್ತು ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳಿಸಿದರೆ ಇನ್ನೊಂದು ತಿಂಗಳು ಹಿಡಿದಿಡಬಹುದು. ಹಣಕಾಸು ಮಸೂದೆಗಾದರೆ 14 ದಿನ ಅಷ್ಟೇ, ಅದೂ ಶಿಫಾರಸು ಮಾತ್ರ. ಬೇರೆ ವಿಚಾರವನ್ನು ಹಣಕಾಸಿನ ಹೆಸರಿನಲ್ಲಿ ಸೇರಿಸುವ ಆಸೆ ಹುಟ್ಟುವುದು ಇಲ್ಲಿಂದ. ಸಂಸತ್ತಿನಲ್ಲಿ 2017ರ ಹಣಕಾಸು ಕಾಯ್ದೆಯೊಳಗೆ ನ್ಯಾಯಮಂಡಳಿಗಳ ಪುನಾರಚನೆಯೂ ಬಂತು, ಚುನಾವಣಾ ಬಾಂಡ್‌ಗೆ ಬೇಕಾದ ತಿದ್ದುಪಡಿಗಳೂ ಬಂದವು. 2019ರ ನವೆಂಬರಿನಲ್ಲಿ ರೋಜರ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ನ್ಯಾಯಮಂಡಳಿ ನಿಯಮಗಳನ್ನು ರದ್ದು ಮಾಡಿ, ಇಂಥವನ್ನು ಹಣಕಾಸು ಮಸೂದೆಯಾಗಿ ತರಬಹುದೇ ಎಂಬ ಪ್ರಶ್ನೆಯನ್ನು ಹೆಚ್ಚಿನ ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು.

ಇನ್ನು ಅಮೆರಿಕದ ಮಾತು. 1795ರಲ್ಲಿ ಜಾರ್ಜಿಯಾ ರಾಜ್ಯದ ಶಾಸನಸಭೆ ಸುಮಾರು ಮೂರೂವರೆ ಕೋಟಿ ಎಕರೆ ಭೂಮಿಯನ್ನು ನಾಲ್ಕು ಕಂಪನಿಗಳಿಗೆ ಪುಡಿಗಾಸಿಗೆ ಮಾರುವ ಕಾಯ್ದೆ ಮಾಡಿತು. ಕಾಯ್ದೆಯ ತಲೆಬರಹದಲ್ಲಿದ್ದದ್ದು ಸೈನಿಕರ ಬಾಕಿ ಸಂಬಳದ ಮಾತು. ಜನ ರೊಚ್ಚಿಗೆದ್ದರು, ಮರುವರ್ಷವೇ ಕಾಯ್ದೆ ರದ್ದಾಯಿತು. ಶೀರ್ಷಿಕೆಯಲ್ಲಿ ಇಲ್ಲದ್ದು ಕಾಯ್ದೆಯ ಒಳಗೆ ಇರಕೂಡದು ಎಂಬ ಮಾತು 1798ರಲ್ಲಿ ಆ ರಾಜ್ಯದ ಸಂವಿಧಾನಕ್ಕೆ ಸೇರಿತು. ಪ್ರತಿ ಕಾನೂನಿಗೂ ಒಂದೇ ಉದ್ದೇಶ, ಅದು ಶೀರ್ಷಿಕೆಯಲ್ಲೇ ಕಾಣಬೇಕು ಎಂದು ನ್ಯೂಜೆರ್ಸಿ 1844ರಲ್ಲಿ ಬರೆದುಕೊಂಡಿತು. ಈಗ 50ರಲ್ಲಿ 43 ರಾಜ್ಯಗಳಲ್ಲಿ ಇಂಥ ನಿಯಮವಿದೆ.

ಆದರೆ ಅದನ್ನು ಹಾಗೇ ತಂದು ನಮ್ಮ ಸಂವಿಧಾನಕ್ಕೆ ಅಂಟಿಸುವುದು ನನಗೆ ಸರಿಕಾಣದು. ಇಲಿನಾಯ್‌ನಲ್ಲಿ 1994ರಲ್ಲಿ ಆದ ಒಂದು ಅಪರಾಧ ತಡೆ ಕಾಯ್ದೆಯಲ್ಲಿ ತಾಯಿ-ಮಕ್ಕಳ ಪೌಷ್ಟಿಕಾಂಶ ಯೋಜನೆಯ ಅಂಗಡಿಕಾರರ ಮೇಲಿನ ನಿಯಂತ್ರಣವೂ ಸೇರಿಕೊಂಡಿತ್ತು. 1999ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಏಕವಿಷಯ ನಿಯಮ ಮುರಿದಿದೆ ಎಂದು ಇಡೀ ಕಾಯ್ದೆಯನ್ನೇ ಕೆಡವಿತು. ಅಷ್ಟು ವರ್ಷ ಅದರಡಿ ನಡೆದ ಮೊಕದ್ದಮೆಗಳ ಬುಡವೇ ಅಲುಗಿತು. ಆಸ್ಟ್ರೇಲಿಯಾ ಸಂವಿಧಾನದ 55ನೇ ಸೆಕ್ಷನ್ ಜಾಣತನದ್ದು: ತೆರಿಗೆ ಕಾಯ್ದೆಯಲ್ಲಿ ಬೇರೆ ವಿಚಾರ ನುಸುಳಿದರೆ ಆ ನುಸುಳಿದ ಭಾಗಕ್ಕೆ ಮಾತ್ರ ಬೆಲೆಯಿಲ್ಲ, ತೆರಿಗೆ ಉಳಿಯುತ್ತದೆ. ಶಿಕ್ಷೆ ಬೀಳಬೇಕಾದದ್ದು ಸೇರಿಸಿದ ಖಂಡಕ್ಕೆ. ಆಮೇಲೆ ಕೋರ್ಟಿನಲ್ಲಿ ಬೀಳುವುದಕ್ಕಿಂತ ಸದನದಲ್ಲೇ ಮೊದಲು ಬೀಳುವುದು ಉತ್ತಮ.

ಆದ್ದರಿಂದ ಕೇಳಬೇಕಾದದ್ದು 208ನೇ ವಿಧಿಯಡಿ ವಿಧಾನಸಭೆ ತಾನೇ ಮಾಡಿಕೊಳ್ಳುವ ಕಾರ್ಯವಿಧಾನ ನಿಯಮಗಳಿಗೆ ಒಂದು ತಿದ್ದುಪಡಿ. ಅದರ ಕರಡು ಹೀಗಿರಬಹುದು: "ಪ್ರತಿ ವಿಧೇಯಕವೂ ಪೂರ್ಣ ಶೀರ್ಷಿಕೆಯಲ್ಲಿ ಹೇಳಿದ ಒಂದೇ ಉದ್ದೇಶಕ್ಕೆ ಸಂಬಂಧಿಸಿರತಕ್ಕದ್ದು. ಒಂದು ಖಂಡವನ್ನು ತೆಗೆದರೂ ಉಳಿದ ಖಂಡಗಳು ಊನವಿಲ್ಲದೆ ಜಾರಿಯಾಗುವಂತಿದ್ದು, ಆ ಖಂಡದ ಉದ್ದೇಶ ಬೇರೆಯಾಗಿದ್ದರೆ, ಯಾವುದೇ ಸದಸ್ಯರು ಕ್ರಿಯಾಲೋಪ (ನಿಯಮ ಮುರಿದಿದೆ ಎಂಬ ಆಕ್ಷೇಪ) ಎತ್ತಬಹುದು. ಸಭಾಧ್ಯಕ್ಷರು ಕಾರಣ ಸಹಿತ ರೂಲಿಂಗ್ ನೀಡಿ ಅದನ್ನು ಪ್ರತ್ಯೇಕ ವಿಧೇಯಕವಾಗಿ ತರಲು ಸೂಚಿಸತಕ್ಕದ್ದು." ಸರ್ಕಾರದ ಖರ್ಚಿಗೆ ಹಣ ಒದಗಿಸುವ ಧನವಿನಿಯೋಗ ಮಸೂದೆ, ಸವಕಲಾದ ಹಳೆಯ ಕಾಯ್ದೆಗಳನ್ನು ಒಟ್ಟಿಗೆ ರದ್ದು ಮಾಡುವ ಮಸೂದೆ, ಚದುರಿದ ಕಾಯ್ದೆಗಳ ಕ್ರೋಡೀಕರಣ, ಇವಕ್ಕೆ ವಿನಾಯಿತಿ ಇರಲಿ. ಸುಗ್ರೀವಾಜ್ಞೆಯ ಬದಲಿಗೆ ಬರುವ ಮಸೂದೆಗೆ ಮಾತ್ರ ವಿನಾಯಿತಿ ಬೇಡ. ಅವಸರದಲ್ಲಿ ಗಂಟು ಕಟ್ಟುವುದು ಅಲ್ಲೇ ಹೆಚ್ಚು.

ಇದಕ್ಕೆ ಎರಡು ತೂತುಗಳಿವೆ. 212ನೇ ವಿಧಿಯ ಪ್ರಕಾರ ಸದನದ ಕಾರ್ಯವಿಧಾನದ ಲೋಪ ಹಿಡಿದು ಕೋರ್ಟಿಗೆ ಹೋಗಲಾಗದು, ಹಾಗಾಗಿ ಸಭಾಧ್ಯಕ್ಷರ ರೂಲಿಂಗೇ ಕೊನೆ. ಎರಡನೆಯದು, ನಿಯಮವನ್ನೇ ಅಮಾನತಿನಲ್ಲಿಡುವ ಚಾಳಿ. ತಿದ್ದುಪಡಿಗಳು ಮಸೂದೆಯ ವ್ಯಾಪ್ತಿಯೊಳಗಿರಬೇಕು ಎಂಬ ಲೋಕಸಭೆಯ 80ನೇ ನಿಯಮವನ್ನು ಬಜೆಟ್ಟಿನ ಹಣಕಾಸು ಮಸೂದೆಯ (ಫೈನಾನ್ಸ್ ಬಿಲ್) ವೇಳೆ, ನಿಯಮಗಳ ಅಮಾನತಿಗೆ ಅವಕಾಶ ಕೊಡುವ 388ನೇ ನಿಯಮ ಬಳಸಿ ಬದಿಗಿಟ್ಟದ್ದುಂಟು. ಆದ್ದರಿಂದ ಈ ನಿಯಮದ ಅಮಾನತಿಗೆ ಧ್ವನಿಮತ ಸಾಲದು, ಹೆಸರು ದಾಖಲಾಗುವ ಮತ ವಿಭಜನೆ ಆಗಲೇಬೇಕು ಎಂದು ಕರಡಿನಲ್ಲೇ ಸೇರಿಸಿ.

ನಿಯಮ ಬರುವವರೆಗೂ ಸುಮ್ಮನಿರಬೇಕಿಲ್ಲ. ಮಸೂದೆಗಳ ಪ್ರತಿ ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತದೆ. ಅದನ್ನು ಹಿಂದಿನಿಂದ ಓದಿ. ಕೊನೆಯ ಅನುಬಂಧದಲ್ಲಿ ತಿದ್ದುಪಡಿಯಾಗುವ ಮೂಲ ಸೆಕ್ಷನ್‌ಗಳಿರುತ್ತವೆ. ಅವು ಒಂದಕ್ಕೊಂದು ಸಂಬಂಧವಿಲ್ಲದ ಅಧ್ಯಾಯಗಳಿಂದ ಬಂದಿದ್ದರೆ ಅಲ್ಲೇ ಗುರುತು ಹಾಕಿ. ಆಮೇಲೆ ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ. "ಆದ್ದರಿಂದ, ಈ ವಿಧೇಯಕ" ಎಂಬ ಮಾಮೂಲಿ ಸಾಲಿನ ಮುಂಚೆ ಎಷ್ಟು ಬೇರೆ ಬೇರೆ ಕಾರಣ ಕೊಟ್ಟಿದ್ದಾರೆ ನೋಡಿ. ಕಾರಣವೇ ಇಲ್ಲದ ಖಂಡ ಒಳಗೆ ಇದ್ದರೆ ಅದು ಇನ್ನೂ ಗಂಭೀರ. ಕೇಂದ್ರ, ರಾಜ್ಯಗಳ ಕಾನೂನು ಮಾಡುವ ವಿಷಯಗಳನ್ನು ಹಂಚುವ ಸಂವಿಧಾನದ ಏಳನೇ ಅನುಸೂಚಿಯ ಯಾವ ನಮೂದಿನಡಿ ಕಾನೂನು ಮಾಡುತ್ತಿದ್ದಾರೆ ಎಂಬುದು ಕೊಟ್ಟಿದ್ದರೆ ಅದನ್ನೂ ಗಮನಿಸಿ: ರಾಜ್ಯ ಪಟ್ಟಿಯ 5 ಎಂದರೆ ಸ್ಥಳೀಯ ಆಡಳಿತ, 18 ಎಂದರೆ ಭೂಮಿ, 45 ಎಂದರೆ ಭೂಕಂದಾಯ. 18 ಮತ್ತು 45 ಜೊತೆಗಿದ್ದರೆ ಸಹಜ, 5 ಸೇರಿಕೊಂಡರೆ ಯಾಕೆ ಎಂದು ಕೇಳಿ. ಖಂಡ 1ರಲ್ಲಿ ಬೇರೆ ಬೇರೆ ಉಪಬಂಧಗಳಿಗೆ ಬೇರೆ ಬೇರೆ ಜಾರಿ ದಿನಾಂಕ ಗೊತ್ತುಪಡಿಸುವ ಅಧಿಕಾರ ಸರ್ಕಾರಕ್ಕಿದ್ದರೆ, ಜನರಿಗೆ ತೋರಿಸಿದ ಒಳ್ಳೆಯ ಭಾಗ ಅಧಿಸೂಚನೆಯಾಗದೆ ನಿಂತು, ಮಿಕ್ಕದ್ದು ಮಾತ್ರ ಜಾರಿಯಾಗುವ ಸಾಧ್ಯತೆಯಿದೆ.

ನಿಮ್ಮ ಶಾಸಕರ ಉತ್ತರವನ್ನೂ ಹಾಗೇ ಒಪ್ಪಬೇಡಿ. ಪರ್ಯಾಲೋಚನೆಯ ನಂತರ ಸಭಾಧ್ಯಕ್ಷರು ತಿದ್ದುಪಡಿ ಸೂಚನೆ ಬಾರದ ಖಂಡಗಳನ್ನು "ಖಂಡ 2ರಿಂದ 9" ಎಂದು ಸಾಲಾಗಿ ಮತಕ್ಕೆ ಹಾಕುತ್ತಾರೆ. ಆ ಗಳಿಗೆಯಲ್ಲಿ ಎದ್ದು, ಖಂಡ 6ನ್ನು ಪ್ರತ್ಯೇಕವಾಗಿ ಮತಕ್ಕೆ ಹಾಕಿ ಎಂದು ಕೇಳಬಹುದು. ಅದಕ್ಕೂ ಮುಂಚೆ ಆ ಖಂಡ ಕೈಬಿಡಲು ತಿದ್ದುಪಡಿ ಸೂಚನೆ ಕೊಡಬಹುದು, ಮಸೂದೆಯನ್ನು ಪರಿಶೀಲನಾ ಸಮಿತಿಗೆ ಒಪ್ಪಿಸಿ ಎಂದು ಒತ್ತಾಯಿಸಬಹುದು. ಸೋತರೂ ನಡಾವಳಿಯಲ್ಲಿ ಅವರ ಮಾತು ಉಳಿಯುತ್ತದೆ.

ಮೇಲಿನ ಕರಡನ್ನು ಒಂದು ಪುಟದ ಅರ್ಜಿಯಾಗಿ ಬರೆದು, ಶಾಸಕರೊಬ್ಬರ ಮೇಲುಸಹಿ ಮಾಡಿಸಿ ವಿಧಾನಸಭೆಯ ಅರ್ಜಿಗಳ ಸಮಿತಿಗೆ ಸಲ್ಲಿಸಿ. ಒಂದು ಪ್ರತಿ ನಿಯಮಾವಳಿ ಸಮಿತಿಗೂ ಹೋಗಲಿ. ಅರ್ಜಿಯ ಜೊತೆ ಕಳೆದ ಅಧಿವೇಶನದ ಒಂದೇ ಒಂದು ಮಸೂದೆಯನ್ನು ಲಗತ್ತಿಸಿ, ಯಾವ ಖಂಡ ಯಾವ ಉದ್ದೇಶಕ್ಕೆ ಸೇರಿದ್ದೆಂದು ಅಂಚಿನಲ್ಲಿ ಬರೆದುಕೊಡಿ.