ಮಳೆಗಾಲಕ್ಕೆ ತಡೆಯುವ ಪರ್ಸ್, ಬೆಲ್ಟ್

ಪ್ರಶ್ನೆ: ಉಡುಪಿಯಿಂದ ಮಂಗಳೂರಿಗೆ ದಿನವೂ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಕಳೆದ ವರ್ಷ ಕೊಂಡ ಬೆಲ್ಟ್ ಪದರ ಪದರವಾಗಿ ಸುಲಿಯಿತು. ಚರ್ಮದ ಪರ್ಸಿಗೆ ಜೋರು ಮಳೆಯ ಆಟಿ ತಿಂಗಳಲ್ಲಿ ಬೂಷ್ಟು ಹಿಡಿಯಿತು. ಹೊಸದನ್ನು, ಜೊತೆಗೊಂದು ಬ್ಯಾಗನ್ನು, ಹೇಗೆ ಆರಿಸಬೇಕು?
– ಓದುಗರೊಬ್ಬರು, ಉಡುಪಿ

ಉತ್ತರ: ನಿಮ್ಮ ಬೆಲ್ಟ್ ಬಹುಶಃ ಅಪ್ಪಟ ಚರ್ಮದ್ದಲ್ಲ, ಬಟ್ಟೆಯ ಮೇಲೋ ಚರ್ಮದ ಪುಡಿಯನ್ನು ಅಂಟಿಸಿದ ಹಾಳೆಯ ಮೇಲೋ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಲೇಪಿಸಿದ್ದಿರಬೇಕು; ಕರಾವಳಿಯ ತೇವಕ್ಕೂ ಸೆಕೆಗೂ ಆ ಲೇಪ ಬಹುಬೇಗ ಎದ್ದುಬರುತ್ತದೆ. ಕೊಳ್ಳುವಾಗ ಬೆಲ್ಟಿನ ತೂತುಗಳ ಒಳಬದಿಯನ್ನು ಬೆಳಕಿಗೆ ಹಿಡಿದು ನೋಡಿ: ಒಂದೇ ಪದರದ ದಪ್ಪ ಚರ್ಮವಾದರೆ ಅಲ್ಲಿ ನಾರು ನಾರಾಗಿ ಕಾಣುತ್ತದೆ, ನಡುವೆ ರಟ್ಟೋ ಬಟ್ಟೆಯೋ ಕಂಡರೆ ಅದನ್ನು ಅಲ್ಲೇ ಬಿಟ್ಟುಬಿಡಿ. ಬಕಲ್‌ನ ಮುಳ್ಳು ನಡುವಿನ ತೂತಿಗೆ ಬರುವಂತಿರಲಿ. ಸಾಮಾನ್ಯವಾಗಿ ಪ್ಯಾಂಟಿನ ಸೊಂಟದಳತೆಗಿಂತ 2 ಇಂಚು ಹೆಚ್ಚಿನದು ಸರಿಹೊಂದುತ್ತದೆ. ಉಪ್ಪುಗಾಳಿಯ ಊರಿನಲ್ಲಿ ಬಕಲ್ ಹಿತ್ತಾಳೆಯದ್ದೋ ಸ್ಟೇನ್‌ಲೆಸ್ ಸ್ಟೀಲಿನದ್ದೋ ಆಗಿರುವುದು ಮೇಲು.

ಪರ್ಸ್ ತೆಳ್ಳಗಿದ್ದು ಮುಂದಿನ ಜೇಬಿನಲ್ಲಿ ಹಿಡಿಸುವಂತಿರಲಿ. ಹಳೆಯ ಬಿಲ್ಲುಗಳನ್ನು ತುಂಬಿ ಉಬ್ಬಿಸಿದ ಪರ್ಸನ್ನು ಹಿಂದಿನ ಜೇಬಿನಲ್ಲಿಟ್ಟು ಗಂಟೆಗಟ್ಟಲೆ ಬಸ್ಸಿನಲ್ಲಿ ಕುಳಿತರೆ ಸೊಂಟ ಓರೆಯಾಗಿ, ಪೃಷ್ಠದ ನರ ಒತ್ತಿ ನೋವು ಬರಬಹುದು. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಬೂಷ್ಟು ಹಿಡಿದ ಪರ್ಸನ್ನು ಎಸೆಯಬೇಕಾಗಿಲ್ಲ. ಮನೆಯ ಹೊರಗೆ ಒಣಬಟ್ಟೆಯಿಂದ ಒರೆಸಿ, ಬಿಸಿಲಿಗಿಡದೆ ಫ್ಯಾನಿನ ಗಾಳಿಯಲ್ಲಿ ಆರಿಸಿ. ಮಳೆಗಾಲದಲ್ಲಿ ಚರ್ಮದ ವಸ್ತುಗಳನ್ನು ಕಪಾಟಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮುಚ್ಚಿಡಬಾರದು.

ಬ್ಯಾಗ್ ಮಾತ್ರ ಚರ್ಮದ್ದು ಬೇಡ. ಒಳಗೆ ನೀರು ತಡೆಯುವ ಲೇಪವಿರುವ ನೈಲಾನಿನದ್ದು, ಮಳೆಹೊದಿಕೆಯೊಂದಿಗೆ, ಸಾಕು.