ರಾತ್ರಿ ಎರಡು ಗಂಟೆಗೆ ಅಮ್ಮ ಯಾಕೆ ಏಳುತ್ತಾರೆ?

ದಾವಣಗೆರೆಯ ಓದುಗರೇ,

ಹೆಸರು ಬೇಡ ಎಂದಿದ್ದೀರಿ, ಹಾಕುವುದಿಲ್ಲ. ಲಕ್ವಾ ಹೊಡೆದು 6 ವರ್ಷ ಹಾಸಿಗೆ ಹಿಡಿದಿದ್ದ ಅಪ್ಪನನ್ನು ಅಮ್ಮನೇ ನೋಡಿಕೊಂಡರು. ಅಪ್ಪ ತೀರಿಕೊಂಡು 8 ತಿಂಗಳಾಯಿತು. 68ರ ಅಮ್ಮ ಹಗಲೆಲ್ಲ ಸುಮ್ನೆ ಕೂತಿರುತ್ತಾರೆ, ರಾತ್ರಿ ಎರಡಕ್ಕೆ ಎದ್ದು ಓಡಾಡುತ್ತಾರೆ, ಸಂಬಂಧಿಕರ ಮದುವೆಯಲ್ಲಿ ಹಿಂದಿನ ಸಾಲಿನಿಂದ ಏಳಲೇ ಇಲ್ಲ. ‘ಇದು ಕಾಯಿಲೆಯಾ? ಮನೆ ಮಾರಿ ಬೆಂಗಳೂರಿಗೆ ಕರೆತರಲಾ?’ ಎಂದು ಕೇಳಿದ್ದೀರಿ.

ಹಾಸಿಗೆ ಹಿಡಿದವರಿಗೆ ಆಗಾಗ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಅಷ್ಟು ವರ್ಷ ಅದಕ್ಕಾಗಿ ಎದ್ದ ಮೈ ಈಗಲೂ ಏಳುತ್ತಿರಬಹುದು. ಗಂಜಿ, ಮಾತ್ರೆ, ಒದ್ದೆ ಬಟ್ಟೆ, ಫಿಸಿಯೋದವರು ಬರುವ ಹೊತ್ತು. ಗಂಡನ ಜೊತೆ ಇದೆಲ್ಲವೂ ಒಂದೇ ದಿನ ಹೋಯಿತು. ರಿಟೈರ್ ಆದ ಗಂಡಸು ದಿಕ್ಕು ತೋಚದೆ ಕೂತರೆ ಎಲ್ಲರಿಗೂ ಅರ್ಥವಾಗುತ್ತದೆ. ಇವರಿಗೆ ಮಾತ್ರ, ‘ಪಾಪ, ನಿಮಗೂ ಬಿಡುಗಡೆ ಆಯ್ತು ಬಿಡಿ’ ಅನ್ನುತ್ತಾರೆ. ಆ ಮಾತು ಚುಚ್ಚುತ್ತದೆ. ಅದರಲ್ಲಿ ಚೂರು ನಿಜ ಇರುವುದರಿಂದ ಇನ್ನೂ ಜಾಸ್ತಿ ಚುಚ್ಚುತ್ತದೆ. ‘ಇವರನ್ನು ಬೇಗ ಕರೆದುಕೊಳ್ಳಪ್ಪಾ’ ಎಂದು ಯಾವುದೋ ರಾತ್ರಿ ದೇವರಿಗೆ ಕೈ ಮುಗಿದಿದ್ದರೆ, ಅದನ್ನು ಈಗ ಯಾರ ಹತ್ತಿರ ಹೇಳಿಕೊಳ್ಳಬೇಕು? ‘ತುಂಬಾ ಕಷ್ಟ ಆಗಿತ್ತಲ್ವಾ ಅಮ್ಮ’ ಎಂದು ನೀವೇ ಶುರು ಮಾಡಿ. ಆಮೇಲೆ ಸುಮ್ಮನೆ ಕೇಳಿಸಿಕೊಳ್ಳಿ. ಅತ್ತರೆ ಅಳಲಿ.

ಕಾಯಿಲೆಯ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ದೀರ್ಘಕಾಲದ ಶೋಕಕ್ಕೂ ಜಾಗವಿದೆ. ಆದರೆ ಬರೀ 6 ತಿಂಗಳು ದಾಟಿದರೆ ಸಾಲದು. ಆ ಸಮಾಜದ ರೂಢಿಗಿಂತ ದುಃಖ ಜಾಸ್ತಿ ಇರಬೇಕು, ದಿನದ ಬದುಕು ಕೆಟ್ಟಿರಬೇಕು. ವರ್ಷಾಂತಿಕದವರೆಗೆ ಹಬ್ಬವನ್ನೇ ಮಾಡದ ಮನೆಗಳು ನಮ್ಮವು. ಹಾಗಾಗಿ ಈ ಅಳುವಿಗೆ ನಾನು ಹೆದರುವುದಿಲ್ಲ. ಊಟ ಬಿಟ್ಟು ತೂಕ ಇಳಿಯುತ್ತಿದ್ದರೆ, ‘ನಾನೂ ಹೋಗಿಬಿಡಬೇಕು’ ಅನ್ನುತ್ತಿದ್ದರೆ ಮಾತ್ರ ತಡ ಮಾಡಬೇಡಿ. ಡಾಕ್ಟರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹಾಗೇ ಅಮ್ಮನ ಸ್ವಂತ ಬಿಪಿ ಮಾತ್ರೆಯ ಶೀಟ್ ಒಮ್ಮೆ ನೋಡಿ. ಗಂಡನ ಮಾತ್ರೆ ಒಂದು ಹೊತ್ತೂ ತಪ್ಪಿಸದ ಎಷ್ಟೋ ಹೆಂಗಸರು ತಮ್ಮದನ್ನು ಮರೆತಿರುತ್ತಾರೆ.

ಮನೆ ಮಾರುವ ಮಾತು ಸದ್ಯಕ್ಕೆ ಬೇಡ. ನೀವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಬೆಂಗಳೂರಿನ ಫ್ಲಾಟಿನಲ್ಲಿ ಅವರು ಯಾರ ಜೊತೆ ಮಾತಾಡಬೇಕು? ಊರಿನಲ್ಲಿ ಕರಿಬೇವು ಕೇಳಿಕೊಂಡು ಬರುವ ಎದುರುಮನೆಯವರಾದರೂ ಇದ್ದಾರೆ. ಅಪ್ಪ ಸ್ವಂತ ದುಡ್ಡಿನಲ್ಲಿ ಕಟ್ಟಿಸಿ, ವಿಲ್ ಬರೆಯದೆ ಹೋಗಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಮ್ಮನಿಗೂ ನಿಮ್ಮ ಒಬ್ಬೊಬ್ಬರಷ್ಟೇ ಪಾಲಿದೆ. ‘ಇಲ್ಲೊಂದು ಸೈನ್ ಹಾಕಮ್ಮ’ ಎಂದು ಯಾರೂ ಕಾಗದ ಹಿಡಿದು ಬರದಂತೆ ನೋಡಿಕೊಳ್ಳಿ, ನಿಮ್ಮ ಅಣ್ಣಂದಿರೂ ಸೇರಿ.

ಇನ್ನು ಹಿಂದಿನ ಸಾಲು. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನೇ ಅರ್ಚಕರನ್ನಾಗಿ ಮಾಡಿದರು. ಗರ್ಭಗುಡಿಗೆ ಬರಬಹುದಾದವರು ಮಂಟಪದ ಹಿಂದೆ ಯಾಕೆ ಕೂರಬೇಕು? ಮಗಳ ಸೀಮಂತ ಇದೆ ಎಂದು ಬರೆದಿದ್ದೀರಿ. ಮೊದಲ ಅರಿಶಿನ ಕುಂಕುಮ ಅಮ್ಮನಿಗೇ ಕೊಡಿ. ಬೇಡ ಅಂದರೆ ಒತ್ತಾಯ ಮಾಡಬೇಡಿ. ಆದರೆ ಬೇಡ ಅನ್ನುವವರು ಅವರೇ ಆಗಿರಲಿ, ನಿಮ್ಮ ಚಿಕ್ಕಮ್ಮ ಅಲ್ಲ.

- ಸಂಪಾದಕಿ